ಮಂಜುಗಡ್ಡೆಯ ಕೆಳಗಿನ ಮೀನನ್ನು ತೋರಿಸುವ ಕೈಪೆಟ್ಟಿಗೆ

ನಮ್ಮ ಸೀಮೆಯಲ್ಲಿ ಮೀನು ಹಿಡಿಯುವವನು ದಡದಲ್ಲಿ ಕೂತಾಗಲಿ, ದೋಣಿಯಲ್ಲಿ ಹೋಗಿಯಾಗಲಿ ತನ್ನ ಕೆಲಸವನ್ನು ನಡಿಸುವನು. ಅಮೇರಿಕದ ಉತ್ತರ ಭಾಗದಲ್ಲಿರುವ ಮಿನೆಸೋಟ ಸಂಸ್ಥಾನದಲ್ಲಿಯಾದರೋ ಚಳಿಗಾಲ ಬಂತೆಂದರೆ ಜನರು ಸರೋವರದ ಮೇಲೆಯೇ ನಡೆದುಹೋಗಿ, ಕಾಲ ಕೆಳಗೆ ಬೈರಿಗೆಯಿಂದ ತೂತು ಕೊರೆದು, ಅದರೊಳಗೆ ಗಾಳವನ್ನು ಇಳಿಬಿಟ್ಟು ಕಾದುಕೊಂಡಿರುವರು. ಆ ಸಂಸ್ಥಾನದಲ್ಲಿ 10 ಎಕರೆಗೆ ಕಡಿಮೆಯಲ್ಲದ ಸರೋವರಗಳೇ 11,842 ಇರುವವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಅಂಥ ಚಳಿಯ ದೇಶಗಳಲ್ಲಿ ಮನೆಮಾಡಿರುವರು. ಅವರ ಮಕ್ಕಳು ಊರಿಗೆ ಕಳುಹಿಸುವ ಚಿತ್ರಗಳಲ್ಲಿ ತೂತಿನ ಪಕ್ಕದಲ್ಲಿ ಕಾಣುವ ಪೆಟ್ಟಿಗೆ ಏನೆಂದು ಅಜ್ಜಿಯರು ಕೇಳುವದುಂಟು. ಅಲ್ಲಿ ಕೆಲವು ಚಳಿಗಾಲಗಳನ್ನು ಕಳೆದು, ಅಂಥ ಪೆಟ್ಟಿಗೆಯೊಂದನ್ನು ನಮ್ಮ ಕೈಯಿಂದಲೇ ಮಾಡಿ ಉಪಯೋಗಿಸಿದ ನಾವು ಅದರ ಸಂಗತಿಯನ್ನು ಇಲ್ಲಿ ಬರೆಯುತ್ತೇವೆ.

ಸರೋವರವು ತಳದ ವರೆಗೂ ಗಡ್ಡೆಕಟ್ಟಿದರೆ ಮೀನು ಬದುಕುವದು ಹೇಗೆ ಎಂಬದು ಮೊದಲು ಹುಟ್ಟುವ ಸಂಶಯ. ವಿಜ್ಞಾನದ ಪಾಠವನ್ನು ಮರೆಯದವರು ಉತ್ತರವನ್ನು ಬಲ್ಲರು. ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಲ್ಲಕ್ಕಿಂತ ಭಾರವಾಗಿರುವದು. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ನಿಂತು ಗಡ್ಡೆಕಟ್ಟುವದು. ಆದದರಿಂದ ಮೇಲೆ ಎರಡು ಅಡಿ ದಪ್ಪದ ಮಂಜುಗಡ್ಡೆ ಇದ್ದಾಗ್ಯೂ ತಳದಲ್ಲಿ ನೀರು ನೀರಾಗಿಯೇ ಉಳಿದು ಮೀನುಗಳನ್ನು ಕಾಪಾಡುವದು. ಆದರೆ ಅವು ಎಲ್ಲೆಲ್ಲಿಯೂ ಇರುವದಿಲ್ಲ. ಮಿಲ್ ಲ್ಯಾಕ್ಸ್ ಎಂಬ ಸರೋವರದ ವಿಸ್ತಾರ 200 ಚದರ ಮೈಲಿಗೂ ಮಿಗಿಲು. ಅಂಥದರಲ್ಲಿ ಎಂಟಂಗುಲದ ಒಂದು ತೂತು ಕೊರೆದು, ಕೆಳಗೆ ಮೀನುಂಟೋ ಇಲ್ಲವೋ ತಿಳಿಯದೆ ಚಳಿಯಲ್ಲಿ ಕೂತಿರುವದೆಂದರೆ ಮೂಟೆ ಹುಲ್ಲಿನಲ್ಲಿ ಸೂಜಿ ಹುಡುಕಿದ ಹಾಗೆಯೇ ಸರಿ.

ಈ ಕಷ್ಟಕ್ಕೆ ಪರಿಹಾರವು ಶಬ್ದದಿಂದ ದೊರೆಯಿತು. ಬಾವಿಯೊಳಗೆ ಕೂಗಿದರೆ ಮಾರ್ದನಿ ಬರುವಂತೆ, ನೀರಿನೊಳಗೆ ಬಿಟ್ಟ ಶಬ್ದವೂ ತಳಕ್ಕೆ ತಾಕಿ ಹಿಂದಿರುಗುವದು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲಾಂಜವೇನ್ ಎಂಬ ಪಂಡಿತರು ಸ್ಫಟಿಕದ ಹಲ್ಲೆಗಳಿಗೆ ವಿದ್ಯುತ್ತನ್ನು ಕೊಟ್ಟು ಇಂಥ ಶಬ್ದವನ್ನು ಹುಟ್ಟಿಸಿದರು. ಮುಳುಗುದೋಣಿಗಳನ್ನು ಹುಡುಕುವದು ಆಗಿನ ಉದ್ದೇಶ. 1950ರ ದಶಕದ ಕೊನೆಗೆ ಅಮೇರಿಕದ ಲೋರನ್ಸ್ ಕುಟುಂಬದವರು ಸಾಮಾನ್ಯ ಮೀನುಗಾರನೂ ಕೊಳ್ಳಬಹುದಾದ ಸಣ್ಣ ಯಂತ್ರವನ್ನು ಮಾರತೊಡಗಿದರು. ನೀರಿನಲ್ಲಿ ಮುಳುಗುವ ಭಾಗಕ್ಕೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ನಾವು ಅದನ್ನು ಬಿಲ್ಲೆಯೆಂದು ಕರೆಯುವೆವು. ತಣ್ಣೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,400 ಮೀಟರು ಓಡುವದು. ಆಳ 30 ಅಡಿಯಾದರೆ, ಬಿಲ್ಲೆಯಿಂದ ಹೊರಟ ಶಬ್ದವು ತಳವನ್ನು ಮುಟ್ಟಿ ಬರುವದಕ್ಕೆ ಸೆಕೆಂಡಿನ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಹಿಡಿಯುವದು. ಆ ಕಾಲವನ್ನು ಯಂತ್ರವು ಅಳೆದು ಆಳವನ್ನು ಪರದೆಯ ಮೇಲೆ ತೋರಿಸುವದು. ನಡುವೆ ಮೀನಿದ್ದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದ ಬೇರೊಂದು ಮಾರ್ದನಿ ಬರುವದು.

ಚಳಿಗಾಲಕ್ಕೆಂದೇ ತಯಾರಿಸಿದ ಯಂತ್ರಗಳು ಅಂಗಡಿಯಲ್ಲಿ ಸಿಕ್ಕುವವು. ಆದರೆ ಬೇಸಿಗೆಯಲ್ಲಿ ದೋಣಿಗೆ ಕಟ್ಟಿದ ಯಂತ್ರವೊಂದು ಮನೆಯಲ್ಲಿರುವಾಗ ಎರಡನೆಯದಕ್ಕೆ ಹಣ ಸುರಿಯುವದೇಕೆ? ನಾವು ಹಿಡಿಕೆಯುಳ್ಳ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತಂದೆವು. ಬಡಗಿಗಳು ಉಪಕರಣಗಳನ್ನು ಇಡುವಂಥದು. ಒಳಗಡೆ ತಳಕ್ಕೆ ಪ್ಲೈವುಡ್ ಹಲಗೆಯನ್ನು ಕೂರಿಸಿ, ಅದರ ಮೇಲೆ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿಯನ್ನು ಪಟ್ಟಿಯಿಂದ ಬಿಗಿದೆವು. ಮುಚ್ಚಳದ ಮೇಲೆ ಯಂತ್ರದ ಪರದೆ. ಬ್ಯಾಟರಿಯ ಕೆಂಪು ತಂತಿಯಲ್ಲಿ, ಬ್ಯಾಟರಿಗೆ ಹತ್ತಿರವಾಗಿಯೇ, ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆಯ ಫ್ಯೂಸನ್ನು ಹಾಕಬೇಕು. ಇದನ್ನು ಬಿಡುವವರು ಬಹಳ. ತಂತಿ ಸವೆದು ತಾಕಿದ ದಿನ ಅದರ ಬೆಲೆ ತಿಳಿಯುವದು. ಬಿಲ್ಲೆಯ ತಂತಿ ದೋಣಿಗಾಗಿ ಉದ್ದವಾಗಿರುವದರಿಂದ ಕತ್ತರಿಸಲು ಮನಸ್ಸಾಗುವದು. ಕತ್ತರಿಸಬಾರದು, ಸುರುಳಿ ಸುತ್ತಿ ಪೆಟ್ಟಿಗೆಯೊಳಗೆ ಇಡಬೇಕು.

ಇಷ್ಟರ ವರೆಗೆ ಎಲ್ಲವೂ ಸುಲಭ. ಬಿಲ್ಲೆಯನ್ನು ತೂಗುಹಾಕುವದರಲ್ಲಿ ನಾವು ಸೋತೆವು. ಅದನ್ನು ದೋಣಿಯ ಹಿಂಬದಿಗೆ ತಿರುಪುಮೊಳೆಯಿಂದ ಬಿಗಿಯುವದಕ್ಕಾಗಿ ಮಾಡಿರುವದರಿಂದ ಬರೇ ತಂತಿಯಿಂದ ಇಳಿಬಿಟ್ಟರೆ ಮೂಗು ಕೆಳಗಾಗಿ ಓರೆಯಾಗುವದು. ಮೊದಲನೆಯ ವರ್ಷ ನಾವು ಹಾಗೆಯೇ ಇಳಿಬಿಟ್ಟು, ಪರದೆಯಲ್ಲಿ ನಮ್ಮ ಗಾಳವೇ ಕಾಣದೆ, ಯಂತ್ರವೇ ಕೆಟ್ಟಿತೆಂದು ಎರಡು ಶನಿವಾರ ಅದನ್ನು ಬೈದೆವು. ಸಂಗತಿಯೇನಂದರೆ, ಬಿಲ್ಲೆಯಿಂದ ಹೊರಡುವ ಶಬ್ದವು ಮೇಲೆ ಕಿರಿದಾಗಿ ಕೆಳಗೆ ಅಗಲವಾದ ಕಹಳೆಯ ಆಕಾರದಲ್ಲಿ ಹರಡುವದು. 20 ಡಿಗ್ರಿಯ ಕಹಳೆಯಾದರೆ 30 ಅಡಿಯ ತಳದಲ್ಲಿ ಅದರ ಅಗಲ ಹತ್ತೂವರೆ ಅಡಿ ಮಾತ್ರ. ಬಿಲ್ಲೆ 10 ಡಿಗ್ರಿ ಓರೆಯಾಯಿತೆಂದರೆ ಕಹಳೆಯ ನಡುವು ಐದಡಿಗೂ ಹೆಚ್ಚು ಪಕ್ಕಕ್ಕೆ ಸರಿದು, ನೆಟ್ಟಗೆ ಇಳಿದ ಗಾಳವು ಅದರ ಅಂಚಿಗೆ ಬೀಳುವದು. ಕಡೆಗೆ ಬಿಲ್ಲೆಯನ್ನು ಒಂದು ಪಿ.ವಿ.ಸಿ. ಕೊಳವೆಯ ತುದಿಗೆ ಬಿಗಿದು, ಮನೆಯೊಳಗೇ ರಸಮಟ್ಟವನ್ನಿಟ್ಟು ಸಮಮಾಡಿ, ಕೊಳವೆಯನ್ನು ತೂತಿನ ಮೇಲೆ ಅಡ್ಡಲಾಗಿ ಇಡುವ ರೀಪಿಗೆ ಸಿಕ್ಕಿಸಿದೆವು. ಕೊಳವೆಯಲ್ಲಿ ಅಂಗುಲಕ್ಕೊಂದು ರಂಧ್ರ ಮಾಡಿ ಕಡಾಣಿ ಹಾಕಿದರೆ ಗಡ್ಡೆಯ ದಪ್ಪಕ್ಕೆ ತಕ್ಕಂತೆ ಏರಿಸಲೂ ಇಳಿಸಲೂ ಆಗುವದು. ಬಿಲ್ಲೆಯು ಗಡ್ಡೆಯ ಅಡಿಮೈಗಿಂತ ಸ್ವಲ್ಪ ಕೆಳಗೇ ಇರಬೇಕು; ಮೇಲಿದ್ದರೆ ಶಬ್ದವು ತೂತಿನ ಗೋಡೆಗೆ ಬಡಿದು ಸುಳ್ಳು ಮಾರ್ದನಿಗಳು ಹುಟ್ಟುವವು.

ಪರದೆಯನ್ನು ಓದುವದರಲ್ಲಿಯೂ ಹೊಸಬರು ಮೋಸಹೋಗುವರು. ಅದರ ಮೇಲಿನ ಗೆರೆಗಳು ಬಲಗಡೆಯಿಂದ ಎಡಗಡೆಗೆ ಸರಿಯುತ್ತಿರುವವು. ಬಲದ ಅಂಚೊಂದೇ ಈ ಕ್ಷಣದ ಸಮಾಚಾರ, ಉಳಿದದ್ದೆಲ್ಲಾ ಕಳೆದುಹೋದದ್ದು. ಪರದೆಯ ನಡುವೆ ದೊಡ್ಡ ಮೀನು ಕಂಡಿತೆಂದು ಹಿಗ್ಗಿದರೆ ಅದು ಎಷ್ಟೋ ಹೊತ್ತಿನ ಹಿಂದೆಯೇ ಹೊರಟುಹೋಗಿರುವದು. ನಿಂತ ಗಾಳವು ಒಂದೇ ಅಡ್ಡಗೆರೆಯಾಗಿ ಕಾಣುವದು. ತಳದಿಂದ ಇನ್ನೊಂದು ಗೆರೆ ಮೆಲ್ಲನೆ ಎದ್ದು ಅದರ ಕಡೆಗೆ ಏರಿ ಬರುವಾಗ ನಮ್ಮ ಮಗಳು ಉಸಿರನ್ನೇ ಬಿಡುತ್ತಿರಲಿಲ್ಲ.

ಈ ಪೆಟ್ಟಿಗೆಗೆ ಇನ್ನೊಂದು ಗುಣವುಂಟು. ಗುಳ್ಳೆಗಳಿಲ್ಲದ ತಿಳಿಯಾದ ಗಡ್ಡೆಯ ಮೇಲೆ ಸ್ವಲ್ಪ ನೀರು ಹೊಯ್ದು, ಬಿಲ್ಲೆಯನ್ನು ಅದರಲ್ಲಿ ಒತ್ತಿ ಹಿಡಿದರೆ, ತೂತು ಕೊರೆಯದೆಯೇ ಆಳವು ತಿಳಿಯುವದು. ಕೆಲವು ವೇಳೆ ಮೀನೂ ಕಾಣುವದು. ಇದನ್ನು ಕಲಿತ ವರ್ಷ ನಮಗೆ ಬಹಳ ಹೆಮ್ಮೆಯಾಯಿತು. ಡಿಸೆಂಬರದ ಒಂದು ಬೆಳಿಗ್ಗೆ ದಡದ ಬಳಿ ಕೊರೆದು ನೋಡಿದಾಗ ಗಡ್ಡೆ ಐದಂಗುಲವಿತ್ತು. ಅಲ್ಲಿಂದ ಮುಂದೆ ಕೊರೆಯುವ ಶ್ರಮವೇಕೆಂದು ನೀರು ಹೊಯ್ಯುತ್ತಾ, ಬಿಲ್ಲೆಯನ್ನು ಇಡುತ್ತಾ, ಪರದೆಯನ್ನೇ ನೋಡುತ್ತಾ ಮೀನಿನ ಹಿಂದೆ ಸರೋವರದ ನಡುವಿನ ಕಡೆಗೆ ಹೋದೆವು. ಮಗಳು, "ಅಮ್ಮಾ, ಇಲ್ಲಿ ಗಡ್ಡೆ ಎಷ್ಟು ದಪ್ಪ?" ಎಂದು ಕೇಳಿದಳು. ಪೆಟ್ಟಿಗೆ ಅದನ್ನು ಹೇಳುವದಿಲ್ಲ. ಬೈರಿಗೆಯನ್ನು ಇಳಿಸಿದೆವು, ನಾಲ್ಕು ಸುತ್ತಿಗೇ ನೀರು ಉಕ್ಕಿತು. ಅಳತೆಗೋಲಿನಲ್ಲಿ ಮೂರಂಗುಲ. ಆ ಸಂಸ್ಥಾನದ ಅಧಿಕಾರಿಗಳು ಕಾಲ್ನಡಿಗೆಗೆ ಹೊಸ ತಿಳಿಗಡ್ಡೆಯು ಕನಿಷ್ಠ ನಾಲ್ಕಂಗುಲವಾದರೂ ಇರಬೇಕೆಂದೂ, ಬಿಳಿಯ ಗಡ್ಡೆಯಾದರೆ ಅದರ ಎರಡರಷ್ಟು ಬೇಕೆಂದೂ ಹೇಳಿರುವರು. ಒಬ್ಬರಿಗೊಬ್ಬರು ದೂರವಾಗಿ, ಬಂದ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ಹಿಂದಿರುಗಿದೆವು. ದಡ ಮುಟ್ಟುವ ವರೆಗೆ ಯಾರೂ ಮಾತಾಡಲಿಲ್ಲ.

ಕೊರೆಯುವ ಕೆಲಸ ತಪ್ಪಿತೆಂದು ಸಂತೋಷಪಟ್ಟೆವಲ್ಲದೆ, ಕೊರೆಯುವಾಗ ತಾನಾಗಿ ಆಗುತ್ತಿದ್ದ ಅಳತೆಯೂ ಅದರೊಡನೆ ತಪ್ಪಿತೆಂದು ನಮಗೆ ಹೊಳೆದಿರಲಿಲ್ಲ. ಆ ದಿನದಿಂದ ನಮ್ಮ ಪೆಟ್ಟಿಗೆಯ ಪಕ್ಕಕ್ಕೆ ಅಂಗುಲದ ಗುರುತುಳ್ಳ ಒಂದು ಕೋಲನ್ನು ಕಟ್ಟಿದ್ದೇವೆ. 150 ಅಡಿಗೊಮ್ಮೆ ಕೊರೆದು ಅಳೆಯದೆ ಮುಂದೆ ಹೋಗುವದಿಲ್ಲ. ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲಕ್ಕೆ ಬರುವದಕ್ಕಾಗಿ ಮೊಳೆಯುಳ್ಳ ಎರಡು ಮರದ ಹಿಡಿಗಳು ಪ್ರತಿಯೊಬ್ಬರ ಕೊರಳಿನಲ್ಲಿರುವವು.

ಬ್ಯಾಟರಿಯ ವಿಷಯವಾಗಿ ಒಂದು ಮಾತು ಉಳಿಯಿತು. ಸೀಸದ ಬ್ಯಾಟರಿಯು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಸುಮಾರು ಅರ್ಧ ಶಕ್ತಿಯನ್ನೇ ಕೊಡುವದು. ನಮ್ಮ ಯಂತ್ರವು ಅರ್ಧ ಆಂಪಿಯರು ಎಳೆಯುವದರಿಂದ ಲೆಕ್ಕಕ್ಕೆ 14 ಗಂಟೆ ಬಾಳಬೇಕಾದದ್ದು ಏಳು ಗಂಟೆಗೇ ಮುಗಿಯುವದು. ಬ್ಯಾಟರಿಯ ಸುತ್ತಲೂ ಹಳೆಯ ಕಂಬಳಿಯ ತುಂಡನ್ನು ತುರುಕಿದರೆ ಸ್ವಲ್ಪ ಮೇಲು. ಈಗಿನ ಲಿಥಿಯಮ್ ಬ್ಯಾಟರಿಗಳು ಹಗುರವಾಗಿವೆ. ಆದರೆ ಅವನ್ನು ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜುಮಾಡಿದರೆ ಕೆಡುವವು. ಯಾವದೇ ಆಗಲಿ, ಸಾಯಂಕಾಲ ಪೆಟ್ಟಿಗೆಯನ್ನು ಮನೆಯೊಳಗೆ ತಂದು, ಮುಚ್ಚಳ ತೆರೆದು ಹನಿಗಳನ್ನು ಒರಸಿ, ಬ್ಯಾಟರಿ ಬೆಚ್ಚಗಾದ ಮೇಲೆಯೇ ಚಾರ್ಜಿಗೆ ಇಡತಕ್ಕದ್ದು. ನಮ್ಮಲ್ಲಿ ಅದು ಮೀನು ಹೆಚ್ಚಿ ಒಲೆಗೆ ಏರಿಸಿದ ನಂತರದ ಕೆಲಸ.