ವಿಯೆನ್ನಾದ ಆ ಮನೆ ಸುಟ್ಟಿದ್ದು ಯಾವತ್ತು?

ಮಾರ್ಚ್ 12. ಈ ತಾರೀಖನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇವತ್ತಿನ ಕಥೆಯಲ್ಲಿ ಇದು ಎರಡು ಸಲ ಬರುತ್ತೆ.

1945ರ ಮಾರ್ಚ್ 12. ಎರಡನೇ ಮಹಾಯುದ್ಧ ಯುರೋಪಿನಲ್ಲಿ ಮುಗಿಯೋದಕ್ಕೆ ಇನ್ನು ಎರಡು ತಿಂಗಳೂ ಇಲ್ಲ. ಅಮೆರಿಕದ ಬಾಂಬರ್ ವಿಮಾನಗಳು ವಿಯೆನ್ನಾ ಆಕಾಶಕ್ಕೆ ಬಂದವು. ಅವುಗಳ ಗುರಿ ಡ್ಯಾನ್ಯೂಬ್ ನದಿಯಾಚೆ ಫ್ಲೋರಿಡ್ಸ್‌ಡಾರ್ಫ್‌ನಲ್ಲಿದ್ದ ತೈಲ ಶುದ್ಧೀಕರಣ ಘಟಕ. ಆದರೆ ಬಾಂಬುಗಳು ಊರಿನ ನಡುಮಧ್ಯೆಯೂ ಬಿದ್ದವು. ಅದರಲ್ಲಿ ಕೆಲವು ಬಿದ್ದಿದ್ದು ವಿಯೆನ್ನಾ ಸ್ಟೇಟ್ ಒಪೆರಾ ಮೇಲೆ. ರಂಗಮಂಚ ಹೋಯಿತು, ಪ್ರೇಕ್ಷಾಂಗಣ ಹೋಯಿತು. 120ಕ್ಕೂ ಹೆಚ್ಚು ಒಪೆರಾಗಳ ಸೆಟ್ಟು, ಸಾಮಾನು, ಸುಮಾರು ಒಂದೂವರೆ ಲಕ್ಷ ವೇಷಭೂಷಣ, ಎಲ್ಲಾ ಬೂದಿ. ಉಳಿದಿದ್ದು ರಸ್ತೆ ಕಡೆಯ ಮುಂಭಾಗ, ಒಳಗಿನ ದೊಡ್ಡ ಮೆಟ್ಟಿಲು, ಚಿತ್ರಗಳಿರುವ ಒಂದು ಪಡಸಾಲೆ, ಇಷ್ಟೇ.

ಒಪೆರಾ ಅಂದ್ರೆ ಗೊತ್ತಲ್ಲ? ಮಾತೂ ಹಾಡೇ, ಜಗಳವೂ ಹಾಡೇ, ಸಾಯೋದೂ ಹಾಡ್ತಾನೇ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸೋದಿಲ್ಲ. ಆದರೆ ನಮ್ಮ ಕಂಪನಿಗಳು ಊರಿಂದ ಊರಿಗೆ ಟೆಂಟು ಹೊತ್ತುಕೊಂಡು ಹೋಗ್ತಿದ್ದವು. ವಿಯೆನ್ನಾದಲ್ಲಿ ಕಂಪನಿ ಇರೋದು ಆ ಒಂದೇ ಕಟ್ಟಡದಲ್ಲಿ, ಖಾಯಂ ಆಗಿ. ಗಾಯಕರು, ಕೋರಸ್ಸು, ಬ್ಯಾಲೆ ತಂಡ, ಆರ್ಕೆಸ್ಟ್ರಾ, ಎಲ್ಲರೂ ಸಂಬಳದ ಮೇಲೆ. ಒಂದು ಸೀಸನ್ನಿಗೆ 300ರ ಆಸುಪಾಸು ಪ್ರದರ್ಶನ, ಐವತ್ತರ ಆಸುಪಾಸು ಬೇರೆ ಬೇರೆ ಕೃತಿಗಳು. ಇವತ್ತು ಮೊಜಾರ್ಟ್ ಆದರೆ ನಾಳೆ ವರ್ದಿ, ನಾಡಿದ್ದು ಬ್ಯಾಲೆ. ರಾತ್ರಿ ಆಟ ಮುಗೀತಿದ್ದ ಹಾಗೆ ಸೆಟ್ಟು ಬಿಚ್ಚಬೇಕು, ಆರ್ಸೆನಾಲ್ ಅನ್ನೋ ಜಾಗದಲ್ಲಿರುವ ಗೋದಾಮಿಗೆ ಲಾರಿಯಲ್ಲಿ ಕಳಿಸಬೇಕು, ಅಲ್ಲಿಂದ ಇನ್ನೊಂದು ತರಿಸಿ ಜೋಡಿಸಬೇಕು. ನಾನು ಓದಿದ್ದು ಇಂಜಿನಿಯರಿಂಗು. ಸಂಗೀತಕ್ಕಿಂತ ಮುಂಚೆ ನನ್ನ ತಲೆ ಹೋಗಿದ್ದು ಈ ಲಾರಿಗಳ ಕಡೆಗೇ!

ಇಂಜಿನಿಯರಿಂಗ್ ಅಂದ ಮೇಲೆ ಈ ಕಟ್ಟಡ ಎದ್ದ ಕಥೆಯನ್ನೂ ಹೇಳಲೇಬೇಕು. 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್, ಹಳೇ ಊರಿನ ಸುತ್ತ ಇದ್ದ ಕೋಟೆ ಗೋಡೆ ಕೆಡವಿಸಿ ಅಲ್ಲೊಂದು ವರ್ತುಲ ರಸ್ತೆ ಮಾಡಿಸೋಕೆ ಹೊರಟ. ಅದೇ ರಿಂಗ್‌ಸ್ಟ್ರಾಸ. ಅದರ ಮೇಲೆ ಎದ್ದ ಮೊದಲ ದೊಡ್ಡ ಸಾರ್ವಜನಿಕ ಕಟ್ಟಡ ಈ ಒಪೆರಾ. ವಾಸ್ತುಶಿಲ್ಪಿಗಳು ಇಬ್ಬರು, ಎಡ್ವರ್ಡ್ ವಾನ್ ಡೆರ್ ನ್ಯುಲ್ ಮತ್ತು ಆಗಸ್ಟ್ ಸಿಕಾರ್ಡ್ಸ್‌ಬರ್ಗ್. ಕಟ್ಟಡದ ಕೆಲಸ ಶುರುವಾದ ಮೇಲೆ ಎದುರಿನ ರಸ್ತೆಯ ಮಟ್ಟವನ್ನು ಸುಮಾರು ಒಂದು ಮೀಟರ್ ಎತ್ತರಿಸಿಬಿಟ್ಟರು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ನಿಮ್ಮ ಮನೆ ಹಳ್ಳಕ್ಕೆ ಹೋದ ಅನುಭವ ಇದ್ದರೆ ಇದು ನಿಮಗೆ ಚೆನ್ನಾಗಿ ಅರ್ಥ ಆಗುತ್ತೆ. ರಸ್ತೆ ಏರಿಸಿದವರು ಬೇರೆಯವರು, ಬೈಗುಳ ಬಿದ್ದಿದ್ದು ವಾಸ್ತುಶಿಲ್ಪಿಗಳ ಮೇಲೆ. ಮುಳುಗಿದ ಪೆಟ್ಟಿಗೆ ಅಂತ ಜನ ಆಡಿಕೊಂಡರು. ಆಸ್ಟ್ರಿಯಾ 1866ರಲ್ಲಿ ಕ್ಯೋನಿಗ್ರೇಟ್ಸ್ ಯುದ್ಧದಲ್ಲಿ ಹೀನಾಯವಾಗಿ ಸೋತಿತ್ತಲ್ಲ, ಇದು ವಾಸ್ತುಶಿಲ್ಪದ ಕ್ಯೋನಿಗ್ರೇಟ್ಸ್ ಅಂತ ಪತ್ರಿಕೆಗಳು ಬರೆದವು. 1868ರ ಏಪ್ರಿಲ್‌ನಲ್ಲಿ ವಾನ್ ಡೆರ್ ನ್ಯುಲ್ ನೇಣು ಹಾಕಿಕೊಂಡ. ಸುಮಾರು ಹತ್ತು ವಾರಕ್ಕೆ ಸಿಕಾರ್ಡ್ಸ್‌ಬರ್ಗ್ ಕಾಯಿಲೆಯಿಂದ ತೀರಿಕೊಂಡ. ಕಟ್ಟಡ ಮುಗಿದದ್ದನ್ನು ಕಟ್ಟಿದ ಇಬ್ಬರೂ ನೋಡಲಿಲ್ಲ. 1869ರ ಮೇ 25ರಂದು ಮೊಜಾರ್ಟ್‌ನ ‘ಡಾನ್ ಜೊವಾನಿ’ಯಿಂದ ಬಾಗಿಲು ತೆರೆಯಿತು. ಅಲ್ಲಿಂದಾಚೆಗೆ ಚಕ್ರವರ್ತಿ ಏನೇ ಉದ್ಘಾಟನೆ ಮಾಡಲಿ, ತುಂಬಾ ಚೆನ್ನಾಗಿದೆ, ಬಹಳ ಸಂತೋಷವಾಯಿತು ಅನ್ನೋದನ್ನು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ ಅಂತ ಒಂದು ಕಥೆ ಇದೆ. ದಿನಾ ಸಂಜೆ ಎಲ್ಲದಕ್ಕೂ ಅಭಿಪ್ರಾಯ ಹೇಳೋ ನನ್ನಂಥವನಿಗೆ ಆ ಕಥೆ ಕೇಳಿದಾಗ ಸ್ವಲ್ಪ ಚುಚ್ಚುತ್ತೆ, ಹೇಳಿಬಿಡ್ತೀನಿ.

ಇರಲಿ. ಅಸಲಿ ವಿಷಯ ಕಟ್ಟಡದ್ದಲ್ಲ, ಅದರೊಳಗಿನ ಕಂಪನಿಯದು.

ಇಡೀ ಜಗತ್ತು ಹೊಗಳೋ ವಿಯೆನ್ನಾ ಫಿಲ್‌ಹಾರ್ಮೋನಿಕ್ ಇದೆಯಲ್ಲ, ಅದು ಬೇರೆ ಯಾರೋ ಅಲ್ಲ, ಈ ಒಪೆರಾದ ಆರ್ಕೆಸ್ಟ್ರಾದವರೇ. 1842ರಲ್ಲಿ ಒಟ್ಟೋ ನಿಕೊಲಾಯ್ ಅನ್ನೋ ಸಂಗೀತ ನಿರ್ದೇಶಕ ಆಸ್ಥಾನದ ಒಪೆರಾ ವಾದಕರನ್ನು ಸೇರಿಸಿ ಕಛೇರಿ ಶುರು ಮಾಡಿದ. ಇವತ್ತಿಗೂ ಪದ್ಧತಿ ಅದೇ. ಮೊದಲು ಒಪೆರಾದಲ್ಲಿ ಕೆಲಸ ಸಿಗಬೇಕು, ಕನಿಷ್ಠ ಮೂರು ವರ್ಷ ಅಲ್ಲಿ ನುಡಿಸಿ ಸೈ ಅನ್ನಿಸಿಕೊಳ್ಳಬೇಕು, ಆಮೇಲೆ ಫಿಲ್‌ಹಾರ್ಮೋನಿಕ್ ಸದಸ್ಯತ್ವಕ್ಕೆ ಅರ್ಜಿ. ಫಿಲ್‌ಹಾರ್ಮೋನಿಕ್‌ಗೆ ಮಾಲೀಕ ಇಲ್ಲ. ಸದಸ್ಯರೇ ಮತ ಹಾಕ್ತಾರೆ, ಸದಸ್ಯರೇ ನಡೆಸ್ತಾರೆ. ಒಂಥರಾ ಸಹಕಾರ ಸಂಘ. ಕೇಳೋಕೆ ಎಷ್ಟು ಚಂದ ಅಲ್ವಾ? ಆದರೆ ಯಾರನ್ನು ಒಳಗೆ ಬಿಡಬೇಕು ಅನ್ನೋದನ್ನು ಒಳಗಿದ್ದವರೇ ತೀರ್ಮಾನ ಮಾಡಿದಾಗ ಏನಾಗುತ್ತೆ? ಈ ಸಂಘ ಹೆಣ್ಣುಮಕ್ಕಳಿಗೆ ಸದಸ್ಯತ್ವ ಕೊಟ್ಟಿದ್ದು 1997ರಲ್ಲಿ! ಮೊದಲ ಸದಸ್ಯೆ ಹಾರ್ಪ್ ನುಡಿಸುವ ಅನ್ನಾ ಲೆಲ್ಕೆಸ್. ಅಷ್ಟೊತ್ತಿಗೆ ಆಕೆ ಅದೇ ಆರ್ಕೆಸ್ಟ್ರಾದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನುಡಿಸಿ ಆಗಿತ್ತು. ಕೈ ಬೇಕು, ಹೆಸರು ಬೇಡ.

ಈಗ ಎರಡನೇ ಮಾರ್ಚ್ 12ಕ್ಕೆ ಬರೋಣ. ಇಸವಿ 1938. ಬಾಂಬು ಬಿದ್ದ ದಿನಕ್ಕೆ ಸರಿಯಾಗಿ ಏಳು ವರ್ಷ ಹಿಂದೆ, ಅದೇ ತಾರೀಖಿನಂದು ಹಿಟ್ಲರನ ಸೈನ್ಯ ಆಸ್ಟ್ರಿಯಾದೊಳಗೆ ಕಾಲಿಟ್ಟಿತು. ಯಾರೂ ಒಪೆರಾಗೆ ಬೆಂಕಿ ಹಚ್ಚಲಿಲ್ಲ, ಒಂದು ಗಾಜೂ ಒಡೆಯಲಿಲ್ಲ. ಆದರೆ ಕಂಪನಿಯಲ್ಲಿದ್ದ ಯಹೂದಿಗಳಿಗೆ ಅಲ್ಲಿ ಜಾಗ ಇಲ್ಲವಾಯಿತು.

ಆರ್ನೋಲ್ಡ್ ರೋಸೆ ಅಂತ ಒಬ್ಬರು ಪಿಟೀಲು ವಾದಕರು. 1881ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಆರ್ಕೆಸ್ಟ್ರಾದ ಮೊದಲ ಪಿಟೀಲಿನ ಕುರ್ಚಿಗೆ ಬಂದವರು. ಐವತ್ತೇಳು ವರ್ಷ! ಗುಸ್ತಾವ್ ಮಾಲರ್ 1897ರಿಂದ 1907ರವರೆಗೆ ಇಲ್ಲಿನ ನಿರ್ದೇಶಕನಾಗಿದ್ದನಲ್ಲ, ಅವನ ತಂಗಿಯ ಗಂಡ ಈ ರೋಸೆ. ಮಾಲರ್ ಅಂದ್ರೆ ಸುಮ್ಮನೆ ಅಲ್ಲ. ಆಟ ನಡೆಯುವಾಗ ಪ್ರೇಕ್ಷಾಂಗಣದ ದೀಪ ಆರಿಸಿದವನು, ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದವನು, ದುಡ್ಡು ಕೊಟ್ಟು ಚಪ್ಪಾಳೆ ಹೊಡೆಸೋ ದಂಧೆಯ ವಿರುದ್ಧ ನಿಂತವನು. ಆ ಹುದ್ದೆಗೆ ಬರೋ ಮುಂಚೆ ಅವನೂ ಯಹೂದಿ ಧರ್ಮ ಬಿಟ್ಟು ಕ್ಯಾಥೊಲಿಕ್ ಆಗಬೇಕಾಗಿ ಬಂದಿತ್ತು. 1938ರ ವಿಷ ರಾತ್ರೋರಾತ್ರಿ ಬಂದಿದ್ದಲ್ಲ ಅನ್ನೋದಕ್ಕೆ ಹೇಳಿದೆ.

ಎಪ್ಪತ್ತರ ಹರೆಯ ದಾಟಿದ ರೋಸೆ ಲಂಡನ್‌ಗೆ ಹೋದರು. 1946ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮಗಳು ಆಲ್ಮಾ, ಆಕೆಯೂ ಪಿಟೀಲು ವಾದಕಿ, ಫ್ರಾನ್ಸ್‌ನಲ್ಲಿ ಸಿಕ್ಕಿಬಿದ್ದು ಆಶ್‌ವಿಟ್ಸ್ ಸೇರಿದಳು. ಅಲ್ಲಿ ಕೈದಿ ಹೆಂಗಸರ ಆರ್ಕೆಸ್ಟ್ರಾ ಒಂದನ್ನು ನಡೆಸಿದಳು. ವಾದ್ಯ ಹಿಡಿದ ಕೈಗಳನ್ನು ಗ್ಯಾಸ್ ಕೋಣೆಯಿಂದ ದೂರ ಇಡೋದಕ್ಕೆ ಅದೊಂದೇ ದಾರಿ ಇತ್ತು. 1944ರ ಏಪ್ರಿಲ್‌ನಲ್ಲಿ ಅಲ್ಲೇ ಸತ್ತಳು. ವಿಯೆನ್ನಾ ಆರ್ಕೆಸ್ಟ್ರಾದ ಏಳು ಮಂದಿ ನಾತ್ಸಿಗಳ ಶಿಬಿರಗಳಲ್ಲಿ, ಕಿರುಕುಳದಲ್ಲಿ ಪ್ರಾಣ ಬಿಟ್ಟರು. ಉಳಿದು ನುಡಿಸುತ್ತಿದ್ದವರಲ್ಲಿ 1942ರ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧದಷ್ಟು ಜನ ನಾತ್ಸಿ ಪಕ್ಷದ ಸದಸ್ಯರು. ಈ ಲೆಕ್ಕವನ್ನು ಇತಿಹಾಸಕಾರರು ಪೂರ್ತಿಯಾಗಿ ಜನರ ಮುಂದಿಟ್ಟಿದ್ದು 2013ರಲ್ಲಿ.

ಈಗ ಹೇಳಿ, ಆ ಮನೆ ಸುಟ್ಟಿದ್ದು ಯಾವತ್ತು? 1945ರಲ್ಲೋ, 1938ರಲ್ಲೋ?

ಕಟ್ಟಡ ಸುಟ್ಟರೆ ಕಂಪನಿ ನಿಲ್ಲೋದಿಲ್ಲ, ಅದಕ್ಕೆ ಸಾಕ್ಷಿ ಇದೆ. ಬಾಂಬು ಬಿದ್ದ ಐವತ್ತೇ ದಿನಕ್ಕೆ, 1945ರ ಮೇ 1ರಂದು, ಅದೇ ಊರಿನ ಫೋಕ್ಸ್‌ಒಪರ್ ಅನ್ನೋ ಇನ್ನೊಂದು ರಂಗಮಂದಿರದಲ್ಲಿ ಈ ಕಂಪನಿ ಮೊಜಾರ್ಟ್‌ನ ‘ಫಿಗರೊ’ ಆಡಿತು. ಊರು ಸೋವಿಯತ್ ಸೈನ್ಯದ ಕೈಲಿ, ಯುದ್ಧ ಇನ್ನೂ ಮುಗಿದಿಲ್ಲ. ಅಕ್ಟೋಬರ್‌ನಲ್ಲಿ ತೆಯಾಟರ್ ಆನ್ ಡೆರ್ ವೀನ್‌ಗೂ ಹೋದರು. ಅಲ್ಲಿ ಆಡಿದ್ದು ಬೇಟೋವನ್‌ನ ‘ಫಿಡೆಲಿಯೊ’. ಆ ಕೃತಿ 1805ರಲ್ಲಿ ಮೊದಲ ಬಾರಿ ರಂಗಕ್ಕೇರಿದ್ದೂ ಅದೇ ರಂಗಮಂದಿರದಲ್ಲಿ. ಅನ್ಯಾಯವಾಗಿ ಜೈಲಿಗೆ ಬಿದ್ದ ಗಂಡನನ್ನು ಹೆಂಡತಿ ಗಂಡಸಿನ ವೇಷ ಹಾಕಿ ಬಿಡಿಸಿಕೊಂಡು ಬರುವ ಕಥೆ ಅದು. ಕೈದಿಗಳು ಕತ್ತಲ ಕೋಣೆಯಿಂದ ಬೆಳಕಿಗೆ ಬಂದು ಹಾಡೋ ಒಂದು ದೃಶ್ಯ ಇದೆ.

ಹತ್ತು ವರ್ಷ ಕಾದು, ಎರಿಕ್ ಬೋಲ್ಟನ್‌ಸ್ಟರ್ನ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಪ್ರೇಕ್ಷಾಂಗಣವನ್ನು ಹೊಸದಾಗಿ ಕಟ್ಟಿಸಿದರು. 1955ರ ಮೇನಲ್ಲಿ ಆಸ್ಟ್ರಿಯಾಕ್ಕೆ ಸ್ವಾತಂತ್ರ್ಯದ ಒಪ್ಪಂದ ಆಯಿತು, ಅಕ್ಟೋಬರ್‌ನಲ್ಲಿ ವಿದೇಶಿ ಸೈನ್ಯಗಳು ಹೊರಟವು, ನವೆಂಬರ್ 5ರಂದು ಒಪೆರಾ ಬಾಗಿಲು ತೆರೆಯಿತು. ಹೊರಗೆ ಧ್ವನಿವರ್ಧಕ, ಟಿಕೆಟ್ ಸಿಗದ ಜನ ರಸ್ತೆಯಲ್ಲಿ ನಿಂತು ಕೇಳಿದರು. ಕೃತಿ ಮತ್ತೆ ‘ಫಿಡೆಲಿಯೊ’. ಕಣ್ಣು ಒದ್ದೆಯಾಗೋ ಸಂದರ್ಭವೇ. ಆದರೆ ಇನ್ನೊಂದು ‘ಫಿಡೆಲಿಯೊ’ ಕೂಡ ಇದೆ. 1938ರ ಮಾರ್ಚ್ 27, ಸೈನ್ಯ ಬಂದು ಎರಡು ವಾರ, ಪ್ರೇಕ್ಷಕರಲ್ಲಿ ಹಿಟ್ಲರನ ಬಲಗೈ ಗೋರಿಂಗ್. ಅವತ್ತೂ ಇದೇ ಕಂಪನಿ, ಇದೇ ರಂಗದ ಮೇಲೆ ಇದೇ ಒಪೆರಾ ಆಡಿತ್ತು, ಇದೇ ಬಿಡುಗಡೆ ಅಂತ. 1955ರಲ್ಲಿ ನಿರ್ದೇಶಕನ ಕುರ್ಚಿಯಲ್ಲೂ ಆರ್ಕೆಸ್ಟ್ರಾದ ಮುಂದೆಯೂ ಇದ್ದದ್ದು ಕಾರ್ಲ್ ಬೋಮ್. 1943ರಿಂದ 1945ರವರೆಗೆ, ನಾತ್ಸಿ ಆಡಳಿತದಲ್ಲಿ, ಅದೇ ಕುರ್ಚಿಯಲ್ಲಿದ್ದದ್ದೂ ಅವನೇ.

ಇದಕ್ಕೂ ಮೈಸೂರಿಗೂ ಏನು ಸಂಬಂಧ ಅಂತೀರಾ? ಇದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಿಂದ 1924ರವರೆಗೆ, ಈ ಒಪೆರಾದ ಇಬ್ಬರು ನಿರ್ದೇಶಕರಲ್ಲಿ ಒಬ್ಬ ರಿಚರ್ಡ್ ಸ್ಟ್ರೌಸ್. ಅವನು ಕೊನೆಗಾಲದಲ್ಲಿ ಬರೆದ ‘ಕೊನೆಯ ನಾಲ್ಕು ಹಾಡುಗಳು’ ಅವನು ಸತ್ತ ಮರುವರ್ಷ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಸಿದವು. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ವೀಣೆಯ ಅರಮನೆಯಲ್ಲಿ ಬೆಳೆದ ಮಹಾರಾಜರು ಪಿಯಾನೋ ಹುಚ್ಚು ಹತ್ತಿಸಿಕೊಂಡಿದ್ದರು. ಹಾಗಂತ ಸ್ಟ್ರೌಸ್‌ನ ಕೈ ಪೂರ್ತಿ ಶುಭ್ರ ಅಲ್ಲ, 1933ರಿಂದ 1935ರವರೆಗೆ ನಾತ್ಸಿ ಸರ್ಕಾರದ ಸಂಗೀತ ಮಂಡಳಿಗೆ ಅಧ್ಯಕ್ಷನಾಗಿದ್ದವನು. ಹಾಡುಗಳನ್ನು ಕೇಳಿ ನೋಡಿ, ಆಮೇಲೆ ಇದನ್ನೂ ನೆನಪಿಡಿ. ಎರಡೂ ಆಗುತ್ತೆ.

ವಿಯೆನ್ನಾಗೆ ಹೋದರೆ ನಿಂತು ನೋಡೋ ಟಿಕೆಟ್ ತಗೊಳ್ಳಿ, ಕೂತು ನೋಡೋದಕ್ಕೆ ಹೋಲಿಸಿದರೆ ಬಿಡಿಗಾಸು. ಅಲ್ಲಿ ಕಟಕಟೆಗೆ ಕರವಸ್ತ್ರ ಕಟ್ಟಿ ಜಾಗ ಹಿಡಿಯೋ ಪದ್ಧತಿ ಇತ್ತು, ನಮ್ಮ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂಗೆ. ಆಟ ಶುರುವಾಗೋ ಮುಂಚೆ ರಂಗದ ಮುಂದೆ ಇಳಿಬಿಟ್ಟ ಬೆಂಕಿತಡೆ ಪರದೆ ಕಾಣುತ್ತೆ. ಅದರ ಮೇಲಿನ ಮೂಲ ಚಿತ್ರ ಬರೆದವನು ರುಡಾಲ್ಫ್ ಐಸನ್‌ಮೆಂಗರ್, ನಾತ್ಸಿ ಪಕ್ಷದಲ್ಲಿದ್ದ ಕಲಾವಿದ. 1955ರ ಹೊಸ ಮನೆಗೆ ಅವನ ಕೈಯಿಂದಲೇ ಚಿತ್ರ ಬರೆಸಿದ್ದರು! 1998ರಲ್ಲಿ ಒಂದು ಉಪಾಯ ಮಾಡಿದರು. ಹಳೇ ಚಿತ್ರವನ್ನು ಅಳಿಸಲಿಲ್ಲ. ಪ್ರತಿ ಸೀಸನ್‌ಗೆ ಈ ಕಾಲದ ಒಬ್ಬ ಕಲಾವಿದನಿಂದ ಹೊಸ ಚಿತ್ರ ಮಾಡಿಸಿ ಅದರ ಮೇಲೆ ಆಯಸ್ಕಾಂತದಲ್ಲಿ ಅಂಟಿಸೋಕೆ ಶುರು ಮಾಡಿದರು. ಹೊಸದನ್ನು ತೆಗೆದ ದಿನ, ಕೆಳಗಿದ್ದ ಹಳೇದು ಇದ್ದ ಹಾಗೇ ಕಾಣುತ್ತೆ.