ಗುಡ್ಡದ ಏರಿನಲ್ಲಿ ಕುದಿಯುವ ನೀರು

ಹೂಲಿ, ಸವದತ್ತಿ, ಮುನವಳ್ಳಿ ಸುತ್ತಿನ ಊರುಗಳಲ್ಲಿ ಹಳೆಯ ಮಾರುತಿ 800 ಮತ್ತು ಓಮ್ನಿ ಗಾಡಿಗಳು ಇಂದಿಗೂ ದುಡಿಯುತ್ತಿವೆ. ಅವುಗಳ ಬಗ್ಗೆ ಒಂದು ಮಾತು ಜನರ ಬಾಯಲ್ಲಿ ನಿಂತುಬಿಟ್ಟಿದೆ: “ಸಣ್ಣ ಎಂಜಿನ್ ಐತಿ, ಗುಡ್ಡ ತಡಿಯಂಗಿಲ್ಲ.” ಹುಣ್ಣಿಮೆಯ ಜಾತ್ರೆಗೆ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಬಾನೆಟ್ ಎತ್ತಿಕೊಂಡು, ಹಬೆ ಉಗುಳುತ್ತ ನಿಂತ ಗಾಡಿ ಕಂಡರೆ ಆ ಮಾತಿಗೆ ಸಾಕ್ಷಿಯೂ ಸಿಕ್ಕಂತಾಗುತ್ತದೆ. ಆದರೆ ಅದೇ ಗಾಡಿ ಅಷ್ಟೇ ಬಿಸಿಲಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಧಾರವಾಡಕ್ಕೆ ಹೋಗಿ ಬಂದಿರುತ್ತದೆ. ಆಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧದಿಂದ ಮೇಲೆ ಏಳುವುದಿಲ್ಲ. ಶಕ್ತಿ ಸಾಲದ ಎಂಜಿನ್ ಆಗಿದ್ದರೆ ಏರಿನಲ್ಲಿ ಎಳೆಯಲಾರದೆ ನಿಲ್ಲಬೇಕಿತ್ತು. ಇದು ಎಳೆಯುತ್ತಲೇ ಇದೆ, ಎಳೆಯುತ್ತ ಕುದಿಯುತ್ತಿದೆ. ಹಾಗಾದರೆ ದೋಷವನ್ನು ಎಂಜಿನ್ನಿನ ಗಾತ್ರದಲ್ಲಿ ಹುಡುಕಬಾರದು, ಅದನ್ನು ತಂಪಾಗಿಡುವ ವ್ಯವಸ್ಥೆಯಲ್ಲಿ, ಅದು ಕುಡಿಯುವ ನೀರು ಮತ್ತು ಉಸಿರಾಡುವ ಧೂಳಿನಲ್ಲಿ ಹುಡುಕಬೇಕು.

ಲೆಕ್ಕ ಹಾಕಿಯೇ ನೋಡೋಣ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಮಾರುತಿ 800ರ ಕೀಲಿ ಗ್ರಾಹಕರ ಕೈ ಸೇರಿತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಓಮ್ನಿ 2019ರ ತನಕ ಬಂತು. ಎರಡರಲ್ಲೂ ಇದ್ದದ್ದು ಸುಜುಕಿಯ ಎಫ್8ಬಿ ಎಂಬ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದರ ಸಿಲಿಂಡರಿನ ಒಳವ್ಯಾಸ 68.5 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 72 ಮಿ.ಮೀ. ಗುಣಿಸಿದರೆ ಒಂದು ಸಿಲಿಂಡರಿಗೆ ಸುಮಾರು 265 ಸಿಸಿ, ಮೂರಕ್ಕೆ 796 ಸಿಸಿ. ಕಾರ್ಬೊರೇಟರ್ ಇದ್ದ ಮಾದರಿಯ ಶಕ್ತಿ 40 ಹಾರ್ಸ್‌ಪವರ್‌ಗೂ ಕಡಿಮೆ. ಕೇಳಲು ಇದು ಅಲ್ಪವೇ. ಆದರೆ ಏರಿಗೆ ಬೇಕಾದದ್ದು ಎಷ್ಟು? ಜನ, ಸಾಮಾನು ಸೇರಿ ಗಾಡಿ ಒಂದು ಟನ್ ತೂಗುತ್ತದೆ, ಹತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಂಥ ಕಡಿದಾದ ದಾರಿ ಇದೆ, ಜಾತ್ರೆಯ ಗದ್ದಲದಲ್ಲಿ ಗಂಟೆಗೆ 15 ಕಿ.ಮೀ. ವೇಗ ಎಂದು ಇಟ್ಟುಕೊಳ್ಳೋಣ. ಆ ತೂಕವನ್ನು ಆ ವೇಗದಲ್ಲಿ ಮೇಲೆತ್ತಲು, ಚಕ್ರಗಳ ಉರುಳಾಟದ ತಡೆಯನ್ನೂ ಸೇರಿಸಿದರೆ, ಚಕ್ರದ ಬಳಿ ಏಳು ಹಾರ್ಸ್‌ಪವರ್ ಸಾಕು. ಅಂದರೆ ಎಂಜಿನ್ ತನ್ನ ಕಸುವಿನ ಕಾಲುಪಾಲನ್ನೂ ಖರ್ಚು ಮಾಡುತ್ತಿಲ್ಲ. ಶಕ್ತಿ ಸಾಲದೆ ಗಾಡಿ ನಿಂತಿತು ಎನ್ನುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಮತ್ತೆ ಕುದಿಯುವುದೇಕೆ? ಸುಟ್ಟ ಪೆಟ್ರೋಲಿನ ಶಾಖದಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸವಾಗಿ ಚಕ್ರಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಹೊಗೆಯ ಜೊತೆ ಸೈಲೆನ್ಸರ್‌ನಿಂದ ಹೊರಬೀಳುತ್ತದೆ, ಇನ್ನೊಂದು ದೊಡ್ಡ ಪಾಲನ್ನು ರೇಡಿಯೇಟರ್ ನೀರು ಹೊತ್ತು ಹೊರಹಾಕಬೇಕು. ಹೆದ್ದಾರಿಯಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಫ್ಯಾನ್ ತಿರುಗದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಗುಡ್ಡದ ಸಾಲಿನಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ ಆ ಗಾಳಿ ಇಲ್ಲ, ಎಲ್ಲ ಭಾರವೂ ಫ್ಯಾನಿನ ಮೇಲೆ. ಈ ಗಾಡಿಗಳ ಫ್ಯಾನ್ ವಿದ್ಯುತ್ತಿನದು, ನೀರು ಬಿಸಿಯಾದಾಗ ಒಂದು ಸ್ವಿಚ್ ಅದನ್ನು ಓಡಿಸುತ್ತದೆ. ಫ್ಯೂಸ್ ಸುಟ್ಟಿರಲಿ, ಸ್ವಿಚ್ ಕೆಟ್ಟಿರಲಿ, ತಂತಿಯ ತುದಿಗೆ ಕಿಲುಬು ಹಿಡಿದಿರಲಿ, ವರ್ಷವಿಡೀ ಅಡಗಿದ್ದ ರೋಗ ಜಾತ್ರೆಯ ದಿನ ಹೊರಬೀಳುತ್ತದೆ. ದವನದ ಹುಣ್ಣಿಮೆಯ ಹೊತ್ತಿಗಂತೂ ಬಿಸಿಲೂ ಏರಿರುತ್ತದೆ. ರೇಡಿಯೇಟರ್ ಮುಚ್ಚಳವನ್ನು ಇಲ್ಲಿ ಮರೆಯಬಾರದು. ಅದು ಬರೀ ಮುಚ್ಚಳವಲ್ಲ, ಅದರೊಳಗೆ ಒಂದು ಸ್ಪ್ರಿಂಗ್ ಇದೆ. ಮೇಲೆ 0.9 ಎಂದು ಅಚ್ಚಾಗಿದ್ದರೆ ಒಳಗಿನ ಒತ್ತಡವನ್ನು ಅಷ್ಟರ ತನಕ ಹಿಡಿದಿಡುತ್ತದೆ ಎಂದರ್ಥ. ಆ ಒತ್ತಡದಲ್ಲಿ ನೀರು ನೂರು ಡಿಗ್ರಿಗೆ ಕುದಿಯದೆ ಸುಮಾರು 118 ಡಿಗ್ರಿಯ ತನಕ ತಡೆದುಕೊಳ್ಳುತ್ತದೆ. ರಬ್ಬರ್ ಸವೆದ ಮುಚ್ಚಳ ಈ ಹದಿನೆಂಟು ಡಿಗ್ರಿಯ ಆಸರೆಯನ್ನು ಸದ್ದಿಲ್ಲದೆ ಕಸಿದುಕೊಂಡಿರುತ್ತದೆ.

ನನ್ನ ಪ್ರಕಾರ ಈ ಭಾಗದಲ್ಲಿ ಎಂಜಿನ್ನಿನ ದೊಡ್ಡ ವೈರಿ ನೀರೇ. ಬೋರ್‌ವೆಲ್ಲಿನ ಸವುಳು ನೀರು ಬಚ್ಚಲ ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದೇ ಪದರ ಅಲ್ಲಿನ ಕಿರಿದಾದ ಕೊಳವೆಗಳಲ್ಲೂ ಎಂಜಿನ್ನಿನ ಒಳದಾರಿಗಳಲ್ಲೂ ಕಟ್ಟುತ್ತದೆ. ಸುಣ್ಣದ ಈ ಪದರ ಶಾಖವನ್ನು ಲೋಹದಿಂದ ನೀರಿಗೆ ಸುಲಭವಾಗಿ ದಾಟಗೊಡುವುದಿಲ್ಲ. ಎಫ್8ಬಿಯ ಬ್ಲಾಕು ಎರಕದ ಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಂನದು. ಒಂದಡಿ ಉದ್ದದ ಎರಡು ತುಂಡುಗಳನ್ನು 80 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅಲ್ಯೂಮಿನಿಯಂ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ, ಕಬ್ಬಿಣ ಅದರರ್ಧ. ಎರಡರ ನಡುವೆ ಇರುವ ಗ್ಯಾಸ್ಕೆಟ್ ದಿನವೂ ಈ ಎಳೆದಾಟವನ್ನು ಸಹಿಸಿಕೊಂಡೇ ಇರುತ್ತದೆ. ಅತಿಯಾಗಿ ಕಾದ ದಿನ ಹೆಡ್ಡು ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿದರೆ ಅದರ ಒಳಮೈಗೆ ಹಾಲು ಹೆಚ್ಚಾದ ಚಹಾದ ಬಣ್ಣದ ಲೋಳೆ ಅಂಟಿರುತ್ತದೆ: ಆಯಿಲ್‌ಗೆ ನೀರು ಬೆರೆತಿದೆ. ಸೈಲೆನ್ಸರ್‌ನಿಂದ ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇರುತ್ತದೆ. ಹೆಡ್ಡು ಬಿಚ್ಚಿ, ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿದರೂ ಕಾರಣವಾದ ರೇಡಿಯೇಟರನ್ನು ಮುಟ್ಟದೆ ಬಿಟ್ಟರೆ ಮುಂದಿನ ಬೇಸಗೆಗೆ ಮತ್ತೆ ಅದೇ ಕತೆ. ಆಗ “ಎಂಜಿನ್ನೇ ಸರಿ ಇಲ್ಲ” ಎಂಬ ತೀರ್ಪು ಬರುತ್ತದೆ.

“ಹಿಂದೆ ಅಂಬಾಸಿಡರ್‌ಗೆ ಬಾವಿ ನೀರೇ ಹಾಕ್ತಿದ್ರು, ಏನೂ ಆಗ್ತಿರಲಿಲ್ಲ” ಎಂದು ಹಿರಿಯರು ವಾದಿಸುತ್ತಾರೆ. ಅವರ ಅನುಭವ ಸುಳ್ಳಲ್ಲ. ಆ ಹಳೆಯ 1489 ಸಿಸಿ ಎಂಜಿನ್ನಿನ ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣದವು, ಒಟ್ಟಿಗೇ ಹಿಗ್ಗಿ ಒಟ್ಟಿಗೇ ಕುಗ್ಗುತ್ತಿದ್ದವು. ಫ್ಯಾನ್ ಕೂಡ ಬೆಲ್ಟಿನ ಮೂಲಕ ಎಂಜಿನ್ನಿಗೇ ಕಟ್ಟಿಕೊಂಡಿತ್ತು, ಎಂಜಿನ್ ತಿರುಗಿದರೆ ಅದೂ ತಿರುಗಲೇಬೇಕು. ಆ ಗಾಡಿ ಒರಟು ಉಪಚಾರವನ್ನು ತಾಳಿಕೊಳ್ಳುತ್ತಿತ್ತು; ಪೆಟ್ರೋಲನ್ನೂ ಹಾಗೆಯೇ ಕುಡಿಯುತ್ತಿತ್ತು. ಹಗುರ ಲೋಹದಿಂದ ಮೈಲೇಜ್ ಪಡೆದವರು ಅದರ ಜೊತೆ ಬಂದ ಷರತ್ತನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕಂಪನಿ ಹೇಳಿದ ಪ್ರಮಾಣದ ಕೂಲಂಟ್, ಷರತ್ತು ಇಷ್ಟೇ. ಕೂಲಂಟ್ ಎಂದರೆ ಹಿಮ ಬೀಳುವ ಊರಿನವರಿಗೆ ಬೇಕಾದದ್ದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ತುಕ್ಕು ಹಿಡಿಯದಂತೆ, ಅಲ್ಯೂಮಿನಿಯಂ ಕೊರೆದುಹೋಗದಂತೆ ಕಾಯುವುದು ನಮ್ಮ ಸೀಮೆಯಲ್ಲಿ ಅದರ ಮುಖ್ಯ ಕೆಲಸ.

ಇನ್ನು ಧೂಳು. ಬೇಸಗೆಯಲ್ಲಿ ಒಡೆದ ಎರೆ ಹೊಲದ ಮಣ್ಣು ಹಿಟ್ಟಿನಂತೆ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು ಗುಡ್ಡಗಳ ಕಡೆಯ ಮರಳುಪುಡಿ. ಈ ಭಾಗದ ಬಂಡೆಗೆ ಭೂವಿಜ್ಞಾನಿಗಳು ಸವದತ್ತಿ ಕ್ವಾರ್ಟ್ಸೈಟ್ ಎಂದೇ ಹೆಸರಿಟ್ಟಿದ್ದಾರೆ. ಅದನ್ನು ಒಳಗೊಂಡ ಪದರಸಮೂಹಕ್ಕೆ ರಾಮದುರ್ಗದ ಹೆಸರಿದೆ. ಕ್ವಾರ್ಟ್ಸ್, ಅಂದರೆ ಬೆಣಚು, ಎಂಜಿನ್ನಿನೊಳಗಿನ ಕಬ್ಬಿಣಕ್ಕಿಂತ ಗಟ್ಟಿ. ಏರ್ ಫಿಲ್ಟರ್ ಹರಿದಿದ್ದರೆ, ಅಥವಾ ಬಡಿದು ಕೊಡವಿ ಮತ್ತೆ ಕೂರಿಸುವಾಗ ಅಂಚು ಸರಿಯಾಗಿ ಕೂತಿರದಿದ್ದರೆ ಆ ಕಣಗಳು ನೇರ ಸಿಲಿಂಡರಿಗೆ ಹೋಗಿ ರಿಂಗು, ಬೋರುಗಳ ನಡುವೆ ಅರೆಯುತ್ತವೆ. ಸವೆದ ಸಂದಿನಿಂದ ಆಯಿಲ್ ಮೇಲೇರಿ ಸುಡುತ್ತದೆ. ಹೊಗೆ ನೀಲಿಯಾಗುತ್ತದೆ, ಪಿಕಪ್ ಇಳಿಯುತ್ತದೆ, “ಗಾಡಿ ಆಯಿಲ್ ತಿನ್ನಾಕತ್ತೈತಿ” ಎಂಬ ದೂರು ಶುರುವಾಗುತ್ತದೆ. ಬೋರ್ ಮಾಡಿಸುವ ಖರ್ಚಿನ ಎದುರು ಒಂದು ಹೊಸ ಫಿಲ್ಟರಿನ ಬೆಲೆ ಏನೂ ಅಲ್ಲ.

ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಹಳ್ಳಿಯ ಗಾಡಿಗಳಿಗೆ ಬೇರೆಯದೇ ಅಪಾಯವಿದೆ. ಎಷ್ಟು ಕಿ.ಮೀ. ಓಡಿದ ಮೇಲೆ ಬದಲಿಸಬೇಕೆಂದು ಪುಸ್ತಕದಲ್ಲಿ ಬರೆದಿರುತ್ತದೆ. ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಮಾತ್ರ ಹೊರಬೀಳುವ ಗಾಡಿ ಹದಿನೈದು ವರ್ಷವಾದರೂ ಆ ಅಂಕಿ ಮುಟ್ಟುವುದಿಲ್ಲ. ಆದರೆ ರಬ್ಬರ್ ಕಿಲೋಮೀಟರನ್ನಷ್ಟೇ ಎಣಿಸುವುದಿಲ್ಲ, ಶಾಖವನ್ನೂ ವರ್ಷಗಳನ್ನೂ ಎಣಿಸುತ್ತದೆ. ಚೆನ್ನಾಗಿ ಓಡುತ್ತಿದ್ದ ಗಾಡಿ ದಾರಿಯಲ್ಲಿ ಮುನ್ಸೂಚನೆ ಇಲ್ಲದೆ ನಿಲ್ಲುವುದು ಹೀಗೆ.

ಸಣ್ಣ ಎಂಜಿನ್ನಿಗೆ ತನ್ನದೇ ಆದ ದೌರ್ಬಲ್ಯ ಇಲ್ಲವೇ ಇಲ್ಲ ಎಂದರೆ ಅದು ಪ್ರಾಮಾಣಿಕ ಮಾತಾಗುವುದಿಲ್ಲ. ಮೂರರಲ್ಲಿ ಒಂದು ಪ್ಲಗ್ ಕೆಟ್ಟರೆ ಮೂರನೇ ಒಂದು ಭಾಗ ಶಕ್ತಿಯೇ ಹೋಯಿತು. ಹಾಗಾಗಿ ಮಿಸ್ಸಿಂಗ್ ಬಂದಾಗ ನಾಲ್ಕು ಸಿಲಿಂಡರಿನ ಗಾಡಿಗಿಂತ ಇದು ಹೆಚ್ಚು ನಡುಗುತ್ತದೆ. ತಳದಲ್ಲಿರುವ ಆಯಿಲ್ ಮೂರು ಲೀಟರಿನ ಆಸುಪಾಸು, ಒಂದು ಲೀಟರ್ ಕಡಿಮೆಯಾದರೂ ತಾಪತ್ರಯ. ಓಮ್ನಿಯಲ್ಲಿ ಹನ್ನೆರಡು ಜನರನ್ನು ತುಂಬಿದರೆ ನಾನು ಮೇಲೆ ಹಾಕಿದ ಲೆಕ್ಕ ನಿಲ್ಲುವುದಿಲ್ಲ. ಆದರೆ ಈ ಮಿತಿಗಳೆಲ್ಲ ತಪಾಸಣೆಯನ್ನು ಹೆಚ್ಚು ಬೇಡುತ್ತವೆ, ಅಷ್ಟೇ. ಒಳಗಿನ ಭಾಗಗಳು ತಾವಾಗಿ ಮುರಿಯುತ್ತವೆಂದು ಅವು ಸಾಬೀತು ಮಾಡುವುದಿಲ್ಲ. ಈಗ ಕೇಳಿಬರುವ ಮತ್ತೊಂದು ಆಕ್ಷೇಪ ಎಥೆನಾಲಿನದು, ಅದರಲ್ಲಿ ಹುರುಳಿದೆ. ಬೆಳಗಾವಿ ಜಿಲ್ಲೆಯ ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಬೆರೆಯುತ್ತಿದೆ. ಕಾರ್ಬೊರೇಟರ್ ಕಾಲದ ರಬ್ಬರ್ ಪೈಪು, ಪಂಪಿನೊಳಗಿನ ಡಯಾಫ್ರಾಮ್ ಅದಕ್ಕೆಂದು ಮಾಡಿದವಲ್ಲ. ಎಥೆನಾಲ್ ನೀರಿನ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಕಾರ್ಬೊರೇಟರ್ ಜೆಟ್ ಕಟ್ಟಿಕೊಳ್ಳಲು, ಪೈಪು ಮೆದುವಾಗಿ ಪೆಟ್ರೋಲ್ ಜಿನುಗಲು ಇದು ಕಾರಣವಾಗಬಲ್ಲದು. ಇಲ್ಲಿಯೂ ಕೆಡುವುದು ರಬ್ಬರ್ ಮತ್ತು ಜೆಟ್. ಪಿಸ್ಟನ್, ಕ್ರ್ಯಾಂಕ್‌ಗಳಿಗೆ ಏನೂ ಆಗಿರುವುದಿಲ್ಲ. ಹಳೆಯ ಪೈಪು ಬದಲಿಸುವುದನ್ನು ಮಾತ್ರ ಮುಂದಕ್ಕೆ ಹಾಕಬಾರದು, ಪೆಟ್ರೋಲ್ ಜಿನುಗುವ ಜಾಗ ಬೆಂಕಿಯ ಜಾಗ.

ಜಾತ್ರೆಗೆ ಹೊರಡುವ ವಾರ ಮೊದಲೇ ಮನೆಯಂಗಳದಲ್ಲಿ ಒಂದು ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ, ಬಣ್ಣ, ಮುಚ್ಚಳದ ರಬ್ಬರ್ ನೋಡಬೇಕು; ಬಿಸಿ ಇದ್ದಾಗ ತೆಗೆದರೆ ಮುಖ ಬೆಂದುಹೋದೀತು, ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿದೀತು. ಮುಚ್ಚಳ ಭದ್ರ ಮಾಡಿ, ಗಾಡಿ ಚಾಲೂ ಮಾಡಿ, ನಿಂತಲ್ಲೇ ಬಿಡಬೇಕು. ಮುಳ್ಳನ್ನೇ ನಂಬಿ ಕೂರಬಾರದು, ನೀರು ಪೂರ್ತಿ ಸೋರಿಹೋಗಿದ್ದರೆ ಅದು ಕೆಳಗೇ ಇದ್ದಂತೆ ತೋರಿಸಬಹುದು. ಮುಳ್ಳು ನಿಧಾನವಾಗಿ ಏರಿ ಅರ್ಧ ದಾಟಿದ ಮೇಲೆ ಮುಂದೆ ನಿಂತು ಕಿವಿಗೊಡಬೇಕು. ಟಕ್ಕೆಂದು ಸ್ವಿಚ್ ಹಿಡಿದು ಫ್ಯಾನ್ ತಿರುಗತೊಡಗಿ, ಕೆಲ ನಿಮಿಷಕ್ಕೆ ಮುಳ್ಳು ಇಳಿದು, ಫ್ಯಾನ್ ತಾನಾಗಿ ನಿಂತು, ಮತ್ತೆ ತಿರುಗಿದರೆ ಆ 796 ಸಿಸಿ ಎಂಜಿನ್ ಗುಡ್ಡಕ್ಕೆ ಸಿದ್ಧವಾಗಿದೆ.