ಸೌದೆ ಸೀಳುವ ಯಂತ್ರ: ಬಲಕ್ಕಿಂತ ಅಣಿ ಮುಖ್ಯ

ಚಳಿಗಾಲ ದೀರ್ಘವಾಗಿರುವ ಅಮೆರಿಕದ ಮೇನ್, ವರ್ಮಾಂಟ್ ರಾಜ್ಯಗಳ ಹಳ್ಳಿಗಾಡಿನಲ್ಲಿ ಇಂದಿಗೂ ಅನೇಕ ಮನೆಗಳನ್ನು ಬೆಚ್ಚಗಿಡುವುದು ಸೌದೆಯ ಒಲೆಯೇ. ಅಲ್ಲಿ ಸೌದೆಯ ಅಳತೆಗೆ ‘ಕಾರ್ಡ್’ ಎಂದು ಹೆಸರು. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದಕ್ಕೆ ಒತ್ತಾಗಿ ಪೇರಿಸಿದ 128 ಘನ ಅಡಿಯ ಒಟ್ಟಿಲು ಒಂದು ಕಾರ್ಡ್. ಒಂದು ಚಳಿಗಾಲಕ್ಕೆ ಇಂಥ ಹಲವು ಒಟ್ಟಿಲುಗಳು ಬೇಕಾಗುವುದರಿಂದ, ಕೊಡಲಿ ಮತ್ತು ಬೆಣೆಗಳ ಕೆಲಸವನ್ನು ಪೆಟ್ರೋಲ್ ಎಂಜಿನ್ನಿನ ಯಂತ್ರ ಬಹುಮಟ್ಟಿಗೆ ವಹಿಸಿಕೊಂಡಿದೆ.

ಈ ಯಂತ್ರದ ಎಂಜಿನ್ ಪಂಪನ್ನು ತಿರುಗಿಸಿದರೆ, ಪಂಪು ಹೈಡ್ರಾಲಿಕ್ ತೈಲವನ್ನು ಸಿಲಿಂಡರಿಗೆ ನೂಕುತ್ತದೆ. ಅದರಿಂದ ಮುಂದೆ ಸರಿಯುವ ಪಿಸ್ಟನ್ ಮರದ ತುಂಡನ್ನು ಉಕ್ಕಿನ ಬೆಣೆಗೆ ಒತ್ತಿ ಸೀಳುತ್ತದೆ. 4 ಅಂಗುಲ ವ್ಯಾಸದ ಸಿಲಿಂಡರಿನಲ್ಲಿ ಚದರ ಅಂಗುಲಕ್ಕೆ 3,000 ಪೌಂಡ್ ಒತ್ತಡವಿದ್ದರೆ ಸುಮಾರು 17 ಮೆಟ್ರಿಕ್ ಟನ್ ಬಲ ದೊರೆಯುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವುದು ಎರಡು ಹಂತದ ಪಂಪು: ಅಡ್ಡಿಯಿಲ್ಲದಿರುವಾಗ ಅದು ಹೆಚ್ಚು ತೈಲ ಹರಿಸಿ ಪಿಸ್ಟನ್ನನ್ನು ವೇಗವಾಗಿ ಸರಿಸುತ್ತದೆ, ಮರ ಎದುರಾದೊಡನೆ ಹರಿವನ್ನು ತಗ್ಗಿಸಿ ಒತ್ತಡವನ್ನು ಏರಿಸುತ್ತದೆ. ಎಂಜಿನ್ನಿನ ವೇಗ ಕುಗ್ಗಿದರೆ ತೈಲದ ಹರಿವೂ ಕುಗ್ಗುವುದರಿಂದ, ತಯಾರಕರು ಸೂಚಿಸಿದ ಪೂರ್ಣ ವೇಗದಲ್ಲಿ ಅದನ್ನು ಓಡಿಸುವುದು ಸರಿಯಾದ ಕ್ರಮ.

ಪಿಸ್ಟನ್ ಒಮ್ಮೆ ಹೋಗಿಬರಲು ಹತ್ತು ಹದಿನೈದು ಸೆಕೆಂಡು ಸಾಕು. ಸಮಯವೂ ಇಂಧನವೂ ನಿಜವಾಗಿ ಪೋಲಾಗುವುದು ತುಂಡನ್ನು ತರುವ, ಎತ್ತುವ, ಸೀಳುಗಳನ್ನು ಸಾಗಿಸುವ ಓಡಾಟದಲ್ಲಿ. ಆದ್ದರಿಂದ ಎಂಜಿನ್ ಚಾಲೂ ಮಾಡುವ ಮುನ್ನವೇ ತುಂಡುಗಳನ್ನು ಕೈಗೆಟಕುವಂತೆ ಒಂದು ಬದಿಗೆ ಗುಡ್ಡೆ ಹಾಕಿ, ಸೀಳುಗಳು ಬೀಳಲು ಇನ್ನೊಂದು ಬದಿಯನ್ನು ತೆರವು ಮಾಡಿಕೊಳ್ಳಬೇಕು. ಎತ್ತಲಾಗದ ದಪ್ಪ ತುಂಡುಗಳನ್ನು ಬೇರೆಯಿರಿಸಿ, ಸಿಲಿಂಡರು, ಬೆಣೆಗಳಿರುವ ಯಂತ್ರದ ತೊಲೆಯನ್ನು ನೆಟ್ಟಗೆ ನಿಲ್ಲಿಸಿ ಕೊನೆಯಲ್ಲಿ ಒಟ್ಟಿಗೆ ಸೀಳಿದರೆ ಬೆನ್ನಿಗೆ ಶ್ರಮ ಕಡಿಮೆ. 16 ಅಂಗುಲದ ತುಂಡಿಗಾಗಿ ಪಿಸ್ಟನ್ನನ್ನು ಅದು ಸರಿಯಬಲ್ಲ ಪೂರ್ತಿ 24 ಅಂಗುಲವೂ ಹಿಂದಕ್ಕೆ ಒಯ್ಯುವ ಅಗತ್ಯವಿಲ್ಲ. ನೇರ ಎಳೆಯ ಆ್ಯಶ್ ಮರ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ, ಎಳೆಗಳು ಹೆಣೆದುಕೊಂಡಿರುವ ಎಲ್ಮ್ ಜಗ್ಗುವುದಿಲ್ಲ. ಇಂಥದನ್ನು ನಡುವೆ ಸೀಳಲು ಹೆಣಗುವುದಕ್ಕಿಂತ ಅಂಚಿನಿಂದ ಹೋಳು ತೆಗೆಯುತ್ತ ಬರುವುದು ಜಾಣತನ.

ತುಂಡನ್ನು ಇಡುವ ಕೈ ಮತ್ತು ಪಿಸ್ಟನ್ನನ್ನು ನಡೆಸುವ ಸನ್ನೆಯನ್ನು ಆಡಿಸುವ ಕೈ ಎರಡೂ ಒಬ್ಬರದೇ ಆಗಿರಬೇಕು; ಒಬ್ಬರು ಇಡುತ್ತಿರುವಾಗ ಮತ್ತೊಬ್ಬರು ಸನ್ನೆ ಎಳೆದರೆ ಇಡುವವರು ಬೆರಳು ಕಳೆದುಕೊಳ್ಳುವ ಅಪಾಯ ಇದರಿಂದ ತಪ್ಪುತ್ತದೆ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಿಷಾನಿಲವಾದ್ದರಿಂದ ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬಾರದು. ಹೆಚ್ಚಿನ ಒತ್ತಡದಲ್ಲಿ ಚಿಮ್ಮುವ ತೈಲ ಚರ್ಮವನ್ನು ಭೇದಿಸಬಲ್ಲದಾದ್ದರಿಂದ ಸೋರುವ ಕೊಳವೆಯನ್ನು ಕೈಯಿಂದ ತಡವಬಾರದು.

ಸೀಳಿದ ಸೌದೆಯೂ ತೇವಾಂಶ ಶೇ. 20ಕ್ಕಿಂತ ಕೆಳಗಿಳಿಯುವವರೆಗೆ ಒಣಗಬೇಕು, ಓಕ್ ಮರ ಹೀಗೆ ಒಣಗಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗಬಹುದು. ಹಾಗಾಗಿ ಯಂತ್ರ ಕೊಳ್ಳುವವರು ಟನ್ನುಗಳ ಲೆಕ್ಕಕ್ಕೆ ಮರುಳಾಗದೆ, ತಮ್ಮ ಅಂಗಳದ ಅಣಿಯನ್ನೂ ಸೌದೆ ಒಣಗಬೇಕಾದ ಕಾಲವನ್ನೂ ಮೊದಲು ಲೆಕ್ಕ ಹಾಕುವುದು ಲೇಸು.